ಒಂದೇ ಸೂಜಿಗೆ ಒಲಿದ ಕಾಟ್ಲಾ

ರೋಹು, ಮೃಗಾಲ್ ಹೇಗೋ ಮೊಟ್ಟೆ ಇಡುತ್ತವೆ, ಸಣ್ಣ ಫಾರ್ಮಿನಲ್ಲಿ ಕಾಟ್ಲಾ ಒಲಿಯುವುದಿಲ್ಲ, ಮೊಟ್ಟೆ ಇಡಿಸಲು ಕೊಡುವ ಒಂದೇ ಇಂಜೆಕ್ಷನ್ನಿಗಂತೂ ಇಲ್ಲವೇ ಇಲ್ಲ: ಭದ್ರಾ ನಾಲೆಯ ಬದಿಯಲ್ಲಿ ಮೀನುಮರಿ ಮಾಡುವವರೆಲ್ಲರೂ ನನಗೆ ಹೇಳಿದ್ದು ಇದನ್ನೇ. ಮೂರು ಮಳೆಗಾಲ ಅವರ ಮಾತೇ ಗೆದ್ದಿತು.

ಮೊದಲೆರಡು ವರ್ಷ ಬೇರೆ ಮೀನಿನ ಮಿದುಳಿನಡಿಯಿಂದ ತೆಗೆದ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚುವುದನ್ನು ನಂಬಿದ್ದೆ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ತೋರಿಸಿಕೊಟ್ಟ ದಾರಿ ಅದು, ಅದರಲ್ಲಿ ದೋಷವಿಲ್ಲ. ನನಗೆ ಸಿಕ್ಕ ಗ್ರಂಥಿಗಳೇ ಕೆಟ್ಟಿದ್ದವು. ಸೀಸೆ ತೆರೆದರೆ ಅರ್ಧಕ್ಕರ್ಧ ಹಳದಿ ತಿರುಗಿ ಪುಡಿಯಾಗಿದ್ದವು. ಮೇಲಾಗಿ ಆರು ಗಂಟೆ ಬಿಟ್ಟು ಮತ್ತೊಮ್ಮೆ ಚುಚ್ಚಬೇಕು. ನಾಲ್ಕು ಕೆಜಿಯ ತಾಯಿಮೀನನ್ನು ಎರಡನೆಯ ಸಲ ಹಿಡಿಯುವಷ್ಟರಲ್ಲಿ ಹುರುಪೆ ಉದುರಿ ಮೈಯೆಲ್ಲ ಗಾಯ. ಐದು ತಾಯಿಮೀನು ಸತ್ತವು.

ಮೂರನೆಯ ವರ್ಷ ಅಗ್ಗಕ್ಕೆ ಸಿಕ್ಕಿತೆಂದು, ಪಿಟ್ಯುಟರಿಯನ್ನು ಎಬ್ಬಿಸುವ ಮಿದುಳಿನ ಹಾರ್ಮೋನಾದ, ಮಾರ್ಪಾಡು ಮಾಡದ ಜಿಎನ್‌ಆರ್‌ಎಚ್ ಪುಡಿ ತರಿಸಿದೆ. ರಾತ್ರಿಯಿಡೀ ಟಾರ್ಚ್ ಹಿಡಿದು ಕೂತರೂ ಗಂಡುಗಳು ಹೆಣ್ಣಿನ ಕಡೆ ತಿರುಗಿ ನೋಡಲಿಲ್ಲ. ಕೂಲಿ, ಡೀಸೆಲ್ ಎಲ್ಲ ಸೇರಿ 20 ಸಾವಿರದ ಹತ್ತಿರ ನೀರುಪಾಲು.

ಮಾರ್ಪಾಡು ಮಾಡಿದ್ದಕ್ಕೂ ಮಾಡದ್ದಕ್ಕೂ ವ್ಯತ್ಯಾಸ ಎಲ್ಲಿದೆಯೆಂದು ಆಮೇಲೆ ಓದಿ ತಿಳಿದುಕೊಂಡೆ. ಈ ಹಾರ್ಮೋನು ಹತ್ತು ಅಮೈನೊ ಆಮ್ಲಗಳ ಸರಪಳಿ, ಅದನ್ನು ಮೀನಿನ ಮೈಯೇ ನಿಮಿಷಗಳಲ್ಲಿ ಕತ್ತರಿಸಿಹಾಕುತ್ತದೆ. ಆರನೆಯ ಗ್ಲೈಸಿನ್ ತೆಗೆದು ಡಿ-ಆರ್ಜಿನಿನ್ ಕೂರಿಸಿ, ಬಾಲದ ಗ್ಲೈಸಿನ್ ಜಾಗಕ್ಕೆ ಎಥಿಲಮೈಡ್ ಇಟ್ಟರೆ ಕತ್ತರಿಗೆ ಹಿಡಿತ ಸಿಗುವುದಿಲ್ಲ. ಜೊತೆಗೆ, ಮಿದುಳಿನ ಡೋಪಮೈನ್ ಪಿಟ್ಯುಟರಿಗೆ ಹಾಕುವ ತಡೆಯನ್ನು ಬಿಡಿಸಲು ಡೋಂಪೆರಿಡೋನ್. ಓವಾಪ್ರಿಮ್ ಎಂಬ ಸೂಜಿಮದ್ದಿನ ಸೀಸೆಯಲ್ಲಿ ಕೆಲಸ ಮಾಡುವುದು ಇವೆರಡೇ.

ನಾಲ್ಕನೆಯ ವರ್ಷದ ಜುಲೈ. ಮೋಡ ಕವಿದ ಸಂಜೆ, ನೀರು 28 ಡಿಗ್ರಿ ಆಸುಪಾಸು. ಹೆಣ್ಣಿಗೆ ಕೆಜಿಗೆ ಓವಾಪ್ರಿಮ್ ಅರ್ಧ ಮಿಲಿ, ಗಂಡಿಗೆ 0.2. ಒಂದು ಹೆಣ್ಣಿಗೆ ಎರಡು ಗಂಡು, ಎದೆರೆಕ್ಕೆ ಉಪ್ಪುಕಾಗದದಂತೆ ಒರಟಾಗಿದ್ದವನ್ನೇ ಆರಿಸಿದ್ದೆ. ಆರು ಗಂಟೆಗೆ ಚುಚ್ಚಿದೆ. ಹತ್ತರವರೆಗೆ ಹಾಪಾದಲ್ಲಿ, ಅಂದರೆ ನೀರಲ್ಲಿ ಕಟ್ಟಿದ ಬಲೆಯ ತೊಟ್ಟಿಯಲ್ಲಿ, ಸದ್ದಿಲ್ಲ. ಎರಡೂವರೆಗೆ ಒಂದು ಗಂಡು ಹೆಣ್ಣಿನ ಹಿಂದೆ ಬಿದ್ದಿತು, ಮೂತಿಯಿಂದ ಹೊಟ್ಟೆಗೆ ಗುದ್ದತೊಡಗಿತು. ಇನ್ನೊಂದೂ ಸೇರಿಕೊಂಡಿತು. ನೀರು ಎದ್ದು ನನ್ನ ಮುಖಕ್ಕೆ ಬಡಿಯಿತು. ಹಿಂದಿನ ವರ್ಷ ಕಲ್ಲಿನಂತೆ ನಿಂತಿದ್ದ ಜಾತಿಯೇ ಇದು! ಬೆಳಗ್ಗೆ ಹಾಪಾದ ತುಂಬ ನೆನೆದ ಸಾಬೂದಾನಿಯಂಥ ಮೊಟ್ಟೆ. ಮೂರು ಲಕ್ಷಕ್ಕೆ ಕಡಿಮೆಯಿಲ್ಲ. ಆಗ 10 ಮಿಲಿ ಸೀಸೆಗೆ ಮುನ್ನೂರು ಚಿಲ್ಲರೆ ಕೊಟ್ಟಿದ್ದ ನೆನಪು. ಬೇಡವೆಂದಿದ್ದವರೇ ಆ ವಾರ ಮರಿ ಕೊಳ್ಳಲು ಬಂದರು.

ಚುಚ್ಚಿದ ಮೇಲೆ ಹೊಸ ನೀರನ್ನು ಯಾವ ಹೊತ್ತಿಗೆ, ಯಾವ ಕಡೆಯಿಂದ ಬಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮೂರು ವರ್ಷದ ಗಳಿಕೆ.

ಅದೇ ಸೀಸೆಯಲ್ಲಿ ಉಳಿದದ್ದನ್ನು ಒಂದು ಜೋಡಿ ಕೊರವ ಮೀನಿಗೂ ಕೊಟ್ಟು ನೋಡಿದೆ. ಕಾಟ್ಲಾದ ಗದ್ದಲವಿಲ್ಲ. ಅಂತರಗಂಗೆಯ ಮರೆಯಲ್ಲಿ ಗಂಡು ಹೆಣ್ಣನ್ನು ಸುತ್ತಿಕೊಂಡಿತು, ಮರುದಿನ ಹಳದಿ ಮೊಟ್ಟೆಗಳು ತೇಲಿದವು. ನಾಲ್ಕನೆಯ ದಿನ ಮರಿಗಳ ಹತ್ತಿರ ಕೈ ಒಯ್ದರೆ ಅಪ್ಪ ಬಂದು ಬೆರಳು ಕಚ್ಚಿತು.