ದೋಸೆ ಮಾತ್ರ ಸಿಗ್ತಿಲ್ಲ!

ಅತ್ತಿಗೆಯ ಅಡುಗೆ ವೆಬ್‌ಸೈಟನ್ನು ಆಂಗ್ಯುಲರ್‌ಜೆಎಸ್‌ನಿಂದ ನಕ್ಸ್ಟ್‌ಗೆ ಬದಲಾಯಿಸಿದ್ದು ನಾನೇ. ಎರಡೂ ವೆಬ್‌ಸೈಟ್ ಕಟ್ಟುವ ಸಾಧನಗಳು. ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಕೊನೆಗೇ ನಿಂತಿತ್ತು. 2016ರಲ್ಲಿ ಬಂದ ಆಂಗ್ಯುಲರ್ 2ಕ್ಕೆ ಹೋಗಬಹುದಿತ್ತು, ಆದರೆ ಹೆಸರೊಂದೇ ಹಳೆಯದು, ಒಳಗೆಲ್ಲ ಹೊಸದು. ಹೇಗಿದ್ದರೂ ಮತ್ತೆ ಬರೆಯಲೇಬೇಕು, ಅಲ್ವಾ?

ಅತ್ತಿಗೆಯ ದೂರು ಬೇರೆಯೇ ಇತ್ತು. "ಯಾವ ಲಿಂಕ್ ವಾಟ್ಸಾಪ್‌ಗೆ ಹಾಕಿದ್ರೂ ಅದೇ ಮುಖಪುಟ ಕಾಣುತ್ತಲ್ಲೋ!" ಹಳೆಯ ವಿಳಾಸಗಳಲ್ಲಿ ಹ್ಯಾಶ್ ಗುರುತು (#) ಇತ್ತು. ಅದರ ಮುಂದಿನ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ನಕ್ಸ್ಟ್‌ನಲ್ಲಿ ಪ್ರತಿ ಅಡುಗೆಗೂ ಮೊದಲೇ ಒಂದೊಂದು ಎಚ್‌ಟಿಎಂಎಲ್ ಫೈಲ್ ತಯಾರಿಸಿಟ್ಟೆ.

ಕೋಡ್ ಬದಲಿಸುವುದು ಎರಡು ವಾರಾಂತ್ಯದ ಕೆಲಸ. ಆಂಗ್ಯುಲರ್‌ಜೆಎಸ್‌ನ ಎನ್‌ಜಿ-ರಿಪೀಟ್ ಇದ್ದಲ್ಲಿ ನಕ್ಸ್ಟ್‌ನಲ್ಲಿ ಬಳಸುವ ವಿ-ಫಾರ್, ಎನ್‌ಜಿ-ಮಾಡೆಲ್ ಇದ್ದಲ್ಲಿ ವಿ-ಮಾಡೆಲ್. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಕಾಡಿದ್ದು ಹಳೆಯ ಲಿಂಕುಗಳು. ಹ್ಯಾಶ್ ಸರ್ವರ್‌ಗೆ ಬರುವುದೇ ಇಲ್ಲವಲ್ಲ, ಹಾಗಾಗಿ ಅಲ್ಲಿ 301, ಅಂದರೆ ವಿಳಾಸ ಬದಲಾಗಿದೆ ಎಂದು ಸರ್ವರ್ ಕೊಡುವ ಸೂಚನೆ, ಹಾಕಿ ಪ್ರಯೋಜನವಿಲ್ಲ. ಮುಖಪುಟದಲ್ಲೇ ಹತ್ತು ಸಾಲಿನ ಸ್ಕ್ರಿಪ್ಟ್ ಇಟ್ಟೆ. ಹ್ಯಾಶ್ ಕಂಡರೆ ಹೊಸ ವಿಳಾಸಕ್ಕೆ ದಾಟಿಸುವುದಷ್ಟೇ ಅದರ ಕೆಲಸ.

ಮರುದಿನವೇ ಅತ್ತಿಗೆಯ ಫೋನ್. ಇಡ್ಲಿ, ಚಟ್ನಿ ತೆರೆಯುತ್ತವೆ. ದೋಸೆ, ಬೋಂಡ, ಕೋಸಂಬರಿ ಹುಡುಕಿದರೆ 404, ಅಂದರೆ ಪುಟವೇ ಇಲ್ಲ! ಫೈಲ್‌ಗಳು ಸರ್ವರ್‌ನಲ್ಲೇ ಇವೆ. ಹೆಸರನ್ನು ಎಷ್ಟು ಸಲ ನೋಡಿದರೂ ತಪ್ಪಿಲ್ಲ. ಅರ್ಧ ದಿನ ಸುಮ್ನೆ ತಲೆ ಕೆರೆದುಕೊಂಡೆ.

ಕೊನೆಗೆ ಸುಳಿವು ಕೊಟ್ಟದ್ದು ಉದ್ದ. ವಿಳಾಸದಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಯೂ ಶೇಕಡಾ ಗುರುತುಗಳ ಜೊತೆ 9 ಅಕ್ಷರವಾಗುತ್ತದೆ. 'ದೋಸೆ'ಯಲ್ಲಿ ದ, ಓತ್ವ, ಸ, ಎತ್ವ, ಅಂದರೆ 36. ಸರ್ವರ್‌ನ ದಾಖಲೆಯಲ್ಲಿ (ಲಾಗ್) ಕಂಡ ಕೋರಿಕೆ ಅಷ್ಟೇ ಉದ್ದವಿತ್ತು. ನನ್ನ ಫೈಲ್ ಹೆಸರನ್ನು ಹಾಗೇ ಬದಲಿಸಿ ನೋಡಿದರೆ 54! ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಅಥವಾ ಎತ್ವ, ಊತ್ವ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರ್‌ಗೆ ಬೇರೆ ಬೇರೆ. ಫೈಲ್ ಉಳಿಸುವಾಗ ನನ್ನ ಹಳೆಯ ಲ್ಯಾಪ್‌ಟಾಪ್ ಸದ್ದಿಲ್ಲದೆ ಬಿಡಿಸಿಟ್ಟಿತ್ತು. ಇಡ್ಲಿಯಲ್ಲಿ ಬಿಡಿಸಲು ಏನೂ ಇರಲಿಲ್ಲ, ಬಚಾವಾಯಿತು.

ಫೈಲ್ ಹೆಸರು, ಸ್ಕ್ರಿಪ್ಟ್ ಎರಡೂ ಕಡೆ ನಾರ್ಮಲೈಸ್ ಎಂಬ ಆಜ್ಞೆ ಬಳಸಿ ಎಲ್ಲವನ್ನೂ ಕೂಡಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತಂದೆ. ದೋಸೆ ತೆರೆಯಿತು. ವಾಟ್ಸಾಪ್‌ನಲ್ಲಿ ಈಗ ಅದರದೇ ಫೋಟೊ ಕಾಣುತ್ತದೆ. ನೋಡಿದ ಅತ್ತಿಗೆ ಹೇಳಿದ್ದು ಒಂದೇ ಮಾತು: "ಈ ಫೋಟೊದಲ್ಲಿ ದೋಸೆ ಸೀದಿದೆ, ಬೇರೆ ಹಾಕು."