ಆಟಿಯಲ್ಲಿ ಡಿಸ್ಕ್ ಖಾಲಿ ಮಾಡಿದ್ದು

“ಹೊಸ ಡಿಸ್ಕ್ ತೆಗೊಂಡರೆ ಆಯಿತಲ್ಲ, ಇದೆಲ್ಲ ಎಂತಕ್ಕೆ ಮಾರಾಯ್ರೆ” ಎಂದು, ಹಳೇ ಮದುವೆ ಫೋಟೋಗಳನ್ನು ಕೆಲಸದ ಡಿಸ್ಕಿನಿಂದ ಬೇರೆ ಡಿಸ್ಕಿಗೆ ಸಾಗಿಸುವುದನ್ನು ನೋಡಿ ಹೇಳಿದವರೇ ಈಗ ಅದರ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು) ಕೇಳುತ್ತಿದ್ದಾರೆ. ಉಡುಪಿ ಕಡೆಯ ಸ್ಟುಡಿಯೋಗಳಿಗೆ ಈ ಕೆಲಸಕ್ಕೆ ಆಟಿಯೇ (ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಸರಿ. ಮದುವೆ ಇಲ್ಲ, ಯಕ್ಷಗಾನ ಮೇಳಗಳೂ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿರುತ್ತವೆ.

ವಿಂಡೋಸ್‌ನ ಕಾಪಿ ಕಮಾಂಡ್ ರೋಬೋಕಾಪಿಗೆ /ಮಿನ್‌ಏಜ್:90 (90 ದಿನಕ್ಕಿಂತ ಹಳೆಯದ್ದು ಮಾತ್ರ) /ಮೂವ್ (ಕಾಪಿ ಮಾಡಿ ಇಲ್ಲಿಂದ ಅಳಿಸು) ಕೊಟ್ಟರೆ ಮುಗಿಯಿತು ಎಂದುಕೊಂಡರೆ ಕೆಟ್ಟಿತು. ಅದು ನೋಡುವುದು ಫೈಲು ಕೊನೆಗೆ ಬದಲಾದ ದಿನಾಂಕವನ್ನು. ಏಪ್ರಿಲ್ 10ರ ಮದುವೆಯ ರಾ ಫೈಲಿಗೆ (ಕ್ಯಾಮೆರಾದಿಂದ ಬಂದ ಮೂಲ ಚಿತ್ರ) ತೆಗೆದ ದಿನದ್ದೇ ವಯಸ್ಸು. ತಿದ್ದಿದ್ದನ್ನು ಬರೆದಿಡುವ ಪಕ್ಕದ ಎಕ್ಸ್‌ಎಂಪಿ ಫೈಲಿಗೆ ಜೂನ್‌ನಲ್ಲಿ ಕಲರ್ ಮಾಡಿದ ದಿನದ್ದು. ರಾ ಆಚೆ ಹೋಯಿತು, ಎಕ್ಸ್‌ಎಂಪಿ ಇಲ್ಲೇ ಉಳಿಯಿತು. ಅಡೋಬಿಯ ಕ್ಯಾಮೆರಾ ರಾ ಪ್ರೋಗ್ರಾಂನಲ್ಲಿ ತೆರೆದರೆ ತಿದ್ದಿದ್ದು ಒಂದೂ ಇಲ್ಲ! ಎರಡನ್ನೂ ಪುನಃ ಜೋಡಿಸಲು ಹುಡುಗನ ಒಂದು ದಿನದ ಸಂಬಳ, 900ರಷ್ಟು, ದಂಡ.

ಆದ್ದರಿಂದ ಫೈಲಿನ ವಯಸ್ಸು ಬಿಟ್ಟು ಫೋಲ್ಡರಿನ ವಯಸ್ಸು ಹಿಡಿದೆ. ಒಂದೊಂದು ಮದುವೆಯ ಫೋಲ್ಡರಿಗೂ ಮೊದಲು /ಎಲ್ (ಕಾಪಿ ಬೇಡ, ಪಟ್ಟಿ ಮಾತ್ರ) /ಎಸ್ (ಒಳಗಿನ ಫೋಲ್ಡರುಗಳೂ ಸೇರಿ) /ಮ್ಯಾಕ್ಸ್‌ಏಜ್:90 (ಈಚಿನ 90 ದಿನದಲ್ಲಿ ಬದಲಾದದ್ದು), ಗುರಿ ಒಂದು ಖಾಲಿ ಫೋಲ್ಡರ್. ಪಟ್ಟಿಯಲ್ಲಿ ಒಂದು ಫೈಲು ಕಂಡರೂ ಆಲ್ಬಮ್ ಕೆಲಸ ಬಾಕಿ ಇದೆ, ಮುಟ್ಟುವುದಿಲ್ಲ. ಏನೂ ಬಾರದಿದ್ದರೆ ಇಡೀ ಫೋಲ್ಡರ್ ಹೋಗಲಿ. ಪಟ್ಟಿ ಖಾಲಿಯೋ ಎಂದು ಬ್ಯಾಚ್ ಫೈಲೇ ತಿಳಿಯುವ ಎರಡು ಸಾಲು ಮಾತ್ರ ನನ್ನಲ್ಲೇ ಇರಲಿ.

/ಆರ್:2 /ಡಬ್ಲ್ಯೂ:5 (ಫೈಲು ಕಾಪಿಯಾಗದಿದ್ದರೆ ಇನ್ನೆರಡು ಸಲ, 5 ಸೆಕೆಂಡ್ ಬಿಟ್ಟು) ಮರೆಯಬೇಡಿ. ಹೇಳದಿದ್ದರೆ ರೋಬೋಕಾಪಿ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ಬೇರೆ ಪ್ರೋಗ್ರಾಂ ಹಿಡಿದಿಟ್ಟ ಒಂದೇ ಫೈಲಿಗೆ ಹೆಚ್ಚುಕಡಿಮೆ 347 ದಿನ, ಮುಂದಿನ ಆಟಿ ಬರುತ್ತದೆ. ಕೆಲಸ ಮುಗಿಸಿ ರೋಬೋಕಾಪಿ ಕೊಡುವ ನಿರ್ಗಮನ ಸಂಖ್ಯೆ 1 ಬಂದರೆ ಹೆದರಬೇಡಿ, ಅದು ಕಾಪಿ ಆಯಿತು ಎಂದು. 8 ಮತ್ತು ಮೇಲಿನದ್ದೇ ಎಡವಟ್ಟು.

ಮಳೆಗಾಲದ ಕರೆಂಟ್ ನಂಬಿ ನೇರ ಮೂವ್ ಮಾಡುವುದಿಲ್ಲ. ಮೊದಲು ಕಾಪಿ, ಮತ್ತೆ ಅದೇ ಕಮಾಂಡ್ /ಎಲ್ ಹಾಕಿ; ಕಾಪಿಗೆ ಏನೂ ಉಳಿದಿಲ್ಲ ಎಂದರೆ ಮಾತ್ರ ಡಿಲೀಟ್. ಇದು ಗಾತ್ರ, ದಿನಾಂಕ ಮಾತ್ರ ಹೋಲಿಸುತ್ತದೆ, ಒಳಗಿನದ್ದನ್ನಲ್ಲ. ಅದಕ್ಕೆ ಹತ್ತಿಪ್ಪತ್ತು ಫೈಲಿನ ಹ್ಯಾಶ್ (ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತು) ಎರಡೂ ಕಡೆ ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್‌ನಲ್ಲಿ ನೋಡುತ್ತೇನೆ.

ವಿಂಡೋಸ್‌ನ ಇನ್ನೊಂದು ಕಾಪಿ ಕಮಾಂಡ್ ಎಕ್ಸ್‌ಕಾಪಿ /ಡಿ ಕೂಡ ನೋಡಿದೆ, ಅದು ತಿರುಗಾಮುರುಗಾ: ಹೇಳಿದ ದಿನಾಂಕದಿಂದ ಈಚಿನದ್ದನ್ನೇ ಎತ್ತುತ್ತದೆ. ರೋಬೋಕಾಪಿಯಲ್ಲೇ ಕೊನೆಗೆ ತೆರೆದ ದಿನ ಹಿಡಿಯುವ /ಮಿನ್‌ಲ್ಯಾಡ್ ಬೇಡವೇ ಬೇಡ. ವಿಂಡೋಸ್ ಆ ದಿನಾಂಕವನ್ನು ಯಾವಾಗಲೂ ಬರೆದಿಡುವುದಿಲ್ಲ. ಕ್ಯಾಮೆರಾದ ಗಡಿಯಾರ ತಪ್ಪಿದ್ದರಂತೂ ನಿನ್ನೆಯ ಮದುವೆಗೂ ಹತ್ತು ವರ್ಷ ವಯಸ್ಸು.

ಈ ಸಲ 1.3 ಟಿಬಿಯಷ್ಟು ಆಚೆ ಹೋಯಿತು. ಎಸ್‌ಎಸ್‌ಡಿಗೆಂದು ಎತ್ತಿಟ್ಟ 12 ಸಾವಿರದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು.