ಕಪ್‌ಬಸಿ ಸದ್ದು ತೆಗೆಯಲಿಲ್ಲ

ಕಲಬುರಗಿ ಸುತ್ತಮುತ್ತ ನಾನು ಭಜನೆ, ತತ್ವಪದ ರೆಕಾರ್ಡ್ ಮಾಡುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಒಂದು ಜಾಝ್ ಕಛೇರಿ.

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್ಬು. ಬಿಲ್ ಇವಾನ್ಸ್ ಪಿಯಾನೊ, ಸ್ಕಾಟ್ ಲಫಾರೊ ಬಾಸ್, ಪಾಲ್ ಮೋಶಿಯನ್ ಡ್ರಮ್ಸ್. ಮಧ್ಯಾಹ್ನ ಎರಡು ಸಲ, ಸಂಜೆಯಿಂದ ಮೂರು ಸಲ ನುಡಿಸಿದರು. ಅದರ ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿ ಕೇಳಿ. ಗ್ಲಾಸು ತಾಗುವ ಸದ್ದು, ಮಂದಿ ಮಾತು, ಎಲ್ಲ ಹಾಗೇ ಇದೆ. ಬಾಸ್ ಸುಮ್ನೆ ಹಿಂದೆ ಕೂತಿಲ್ಲ, ಪಿಯಾನೊ ಜೊತೆ ಮಾತಿಗೆ ಇಳಿಯುತ್ತದೆ. ಜುಲೈ 6ರಂದು ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 25 ವರ್ಷ. ಆ ಭಾನುವಾರ ಟೇಪು ಓಡಿದ್ದಕ್ಕೇ ಆ ಮಾತು ಇಂದಿಗೂ ನಮಗೆ ಸಿಗುತ್ತಿದೆ.

ನಮ್ಮಲ್ಲೂ ಮೂವರೇ: ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ಏಕತಾರಿ. ಮೊದಲ ಸಲ ರೆಕಾರ್ಡ್ ಮಾಡಿದಾಗ ಕೆಮ್ಮು, ಫ್ಯಾನ್ ಸದ್ದು ಎಲ್ಲ ಕಂಪ್ಯೂಟರಿನಲ್ಲಿ ಒರೆಸಿ ಹಾಕಿದೆ. ಏಕತಾರಿ ಕಾಕಾ ಕೇಳಿ, "ತಮ್ಮಾ, ಇದರಾಗ ನಾ ಎಲ್ಲಿ ಅದೀನಿ?" ಅಂದರು. ಒಂದೇ ಸಮ ಮಿಡಿಯುವ ತಂತಿಯನ್ನೂ ಸಾಫ್ಟ್‌ವೇರ್ ಗದ್ದಲ ಅಂತ ತಿಳಿದು ಅರ್ಧ ತಿಂದು ಹಾಕಿತ್ತು. ಅವತ್ತು ನನಗೆ ಬಹಳ ನೋವಾಯಿತು.

ಎರಡನೇ ಸಲ ಏಪ್ರಿಲ್ ರಾತ್ರಿ, ಅದೇ ಮನೆಯ ಪಡಸಾಲೆ. ನೆಲಕ್ಕೆ ಶಹಾಬಾದ್ ಫರಸಿ. ತಬಲಾ ಜೋಡಿಯ ದೊಡ್ಡದು, ಡಗ್ಗಾ, ಬಾರಿಸಿದರೆ ಸದ್ದು ನೆಲಕ್ಕೆ ಬಡಿದು ಗೋಡೆಗೆ ಹೋಗಿ ವಾಪಸ್ ಬರುತ್ತದೆ. ಮನೆಯಲ್ಲಿದ್ದ ಕೌದಿ ಎಲ್ಲ ಹಾಸಿಸಿದೆ, ಎರಡನ್ನು ಗೋಡೆಗೂ ಕಟ್ಟಿಸಿದೆ. ರೆಕಾರ್ಡರಿನದ್ದೇ ಎರಡು ಮೈಕು, ಅವರಿಂದ ಐದಾರು ಅಡಿ ದೂರ. ಸದ್ದು ಒಡೆಯದಿರಲಿ ಅಂತ ರೆಕಾರ್ಡಿಂಗ್ ಲೆವೆಲ್ ಎಷ್ಟೇ ಏರಿದರೂ ಮೈನಸ್ 12 ಡೆಸಿಬಲ್ ದಾಟದಂತೆ ಇಟ್ಟೆ. ಆಮೇಲೆ ಮುಟ್ಟಲಿಲ್ಲ. ಬ್ಯಾಲೆನ್ಸ್ ಬೇಕಾದರೆ ಮನುಷ್ಯರನ್ನೇ ಸರಿಸಬೇಕು. ತಬಲಾದವರನ್ನು ಎರಡು ಅಡಿ ಹಿಂದೆ ಕೂರಿಸಿದೆ. ಕಾಕಾ ಎಲ್ಲರಿಗಿಂತ ಮುಂದೆ. ಪೇಟಿಯನ್ನು ಸ್ವಲ್ಪ ಓರೆ ಮಾಡಿಸಿದೆ, ತಿದಿಯ ಗಾಳಿ ಸದ್ದು ನೇರ ಮೈಕಿಗೆ ಬರಬಾರದಲ್ವಾ. ಇಷ್ಟಕ್ಕೇ ಒಂದು ತಾಸು ಹೋಯಿತು. ಅದು ಬೇಕೇ ಬೇಕು.

ರೆಕಾರ್ಡರಿಗೆ ಹೊಸ ಸೆಲ್ ಹಾಕಿದ್ದೆ. ಅದಕ್ಕೂ ಆ ಕಛೇರಿಯೇ ಕಾರಣ. ಅವತ್ತಿನ ಮೊದಲ ಹಾಡು 'ಗ್ಲೋರಿಯಾಸ್ ಸ್ಟೆಪ್' ನಡುವೆ ಕರೆಂಟ್ ಕೈಕೊಟ್ಟು ಟೇಪಿನಲ್ಲಿ ಸಂಗೀತ ತುಂಡಾಗಿದೆ.

ಮೂರನೇ ಪದ ನಡೆದಿತ್ತು, ನಮ್ಮಲ್ಲೂ ಕರೆಂಟ್ ಹೋಯಿತು. ಯಾರೂ ನಿಲ್ಲಿಸಲಿಲ್ಲ. ಫ್ಯಾನ್ ನಿಂತಿತು, ಪಕ್ಕದ ಮನೆಯ ಕೂಲರೂ ನಿಂತಿತು. ಹೆಡ್‌ಫೋನಿನಲ್ಲಿ ಏಕತಾರಿಯ ಒಂದೊಂದು ಮಿಡಿತ ಕೊನೆಯವರೆಗೂ ಕೇಳತೊಡಗಿತು. ಪೇಟಿಯವರು ತಾವಾಗೇ ಮೆಲ್ಲಗಾದರು, ತಬಲಾ ಬರೀ ಬೆರಳ ತುದಿಗೆ ಬಂತು. ಹತ್ತು ನಿಮಿಷ ಕತ್ತಲಲ್ಲಿ ಮೂವರೂ ಒಬ್ಬರನ್ನೊಬ್ಬರು ಕೇಳುತ್ತಾ ನುಡಿಸಿದರು. ಒಳಗೆ ಅಕ್ಕ ಚಹಾದ ಕಪ್‌ಬಸಿ ಜೋಡಿಸುತ್ತಿದ್ದರು. ಆ ಟಿಣ್ ಟಿಣ್ ಕೂಡ ಬಂದಿದೆ. ಒಂದನ್ನೂ ತೆಗೆಯಲಿಲ್ಲ.

ಕಾಕಾಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಹಾಂ, ಇದು ನಮ್ಮ ಪಡಸಾಲಿ" ಅಂದರು.

ಬರುವ ಅಮಾವಾಸ್ಯೆಗೆ ಮತ್ತೆ ಅಲ್ಲೇ ಕೂರುತ್ತೇವೆ. ಈ ಸಲ ಏಕತಾರಿಯನ್ನು ಇನ್ನೊಂದು ಗೇಣು ಮುಂದೆ ತರಬೇಕು, ಫ್ಯಾನನ್ನು ನಾವೇ ಬಂದ್ ಮಾಡಬೇಕು.